ಮತ್ತೆ ಪುಸ್ತಕ ಹಿಡಿದವರಿಗೆ ಹನ್ನೆರಡು ಸೂತ್ರಗಳು

ಮೂವತ್ತೈದು ದಾಟಿದ ಮೇಲೆ ಬಿ.ಎ.ಗೆ ಸೇರಿದ ಅಂಗನವಾಡಿ ಕಾರ್ಯಕರ್ತೆ, ಇಲಾಖಾ ಪರೀಕ್ಷೆಗೆ ಕಟ್ಟಿರುವ ಗುಮಾಸ್ತ, ಪಿಎಸ್‌ಐ ಹುದ್ದೆಯ ಮೇಲೆ ಕಣ್ಣಿಟ್ಟ ಕಾನ್‌ಸ್ಟೆಬಲ್, ಮೊದಲ ಸಲ ಗೆದ್ದು ಬಂದು ಪಂಚಾಯತ್ ಕಾಯ್ದೆಯ ಪುಟ ತಿರುವುತ್ತಿರುವ ಸದಸ್ಯೆ. ಇವರೆಲ್ಲರ ಬಾಯಲ್ಲೂ ಒಂದೇ ಮಾತು: "ಓದಿದ್ದು ತಲೇಲಿ ನಿಲ್ಲಲ್ಲ, ವಯಸ್ಸಾಯ್ತು ನೋಡಿ." ವಯಸ್ಸಿನ ಮೇಲೆ ಹಾಕುವ ಈ ತಪ್ಪನ್ನು ನಾನು ಒಪ್ಪುವುದಿಲ್ಲ. ನಿಲ್ಲಲಿಲ್ಲ ಎನ್ನುವುದರಲ್ಲಿ ಬಹುಪಾಲು ಒಳಗೇ ಹೋಗಿರುವುದಿಲ್ಲ. ಕಣ್ಣು ಸಾಲಿನ ಮೇಲೆ ಓಡಿರುತ್ತದೆ, ಪದಗಳೆಲ್ಲ ಪರಿಚಯದವೇ ಆಗಿರುತ್ತವೆ, "ಅರ್ಥವಾಯಿತು" ಎಂದು ಮನಸ್ಸು ಅವಸರದಲ್ಲಿ ಒಪ್ಪಿಕೊಂಡುಬಿಟ್ಟಿರುತ್ತದೆ.

ಇದು ಓದು ಬಿಟ್ಟು ಬಹಳ ಕಾಲವಾದವರಿಗೆ ಮಾತ್ರ ಅಂಟಿದ ದೋಷವಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಆರ್ಥರ್ ಗ್ಲೆನ್‌ಬರ್ಗ್ ಮತ್ತು ಅವರ ಸಂಗಡಿಗರು 1982ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಒಂದಕ್ಕೊಂದು ವಿರುದ್ಧವಾದ ಮಾತುಗಳಿದ್ದ ಬರಹಗಳನ್ನು ಓದಲು ಕೊಟ್ಟಿದ್ದರು. ಆ ವಿರೋಧ ಕಣ್ಣಿಗೆ ಬೀಳದವರಲ್ಲೂ ಅನೇಕರು ತಮಗೆ ಬರಹ ಚೆನ್ನಾಗಿ ಅರ್ಥವಾಗಿದೆ ಎಂದೇ ಹೇಳಿದರು. ತನ್ನ ತಿಳಿವಿನ ಮೇಲೆ ತಾನೇ ನಿಗಾ ಇಡುವ ಈ ಕೆಲಸಕ್ಕೆ 1970ರ ದಶಕದಲ್ಲಿ ಜಾನ್ ಫ್ಲಾವೆಲ್ ಮೆಟಾಕಾಗ್ನಿಷನ್ ಎಂಬ ಹೆಸರು ಕೊಟ್ಟರು. ಹೆಸರು ಭಾರವಾದರೂ ಕೆಲಸ ಸರಳ. ಓದುತ್ತಿರುವಾಗಲೇ "ಇದು ನನಗೆ ನಿಜಕ್ಕೂ ತಿಳಿಯಿತೇ?" ಎಂದು ಕೇಳಿಕೊಳ್ಳುವುದು, ಇಲ್ಲ ಎಂದಾದರೆ ಅಲ್ಲಿಯೇ ಏನಾದರೂ ಮಾಡುವುದು. ಇದನ್ನು ಯಾವ ವಯಸ್ಸಿನಲ್ಲಾದರೂ ಕಲಿಯಬಹುದು. ಕೆಳಗಿನ ಸೂತ್ರಗಳೆಲ್ಲ ಇದಕ್ಕಾಗಿಯೇ.

1. ಪುಸ್ತಕ ತೆರೆಯುವ ಮೊದಲು ಒಂದು ಪ್ರಶ್ನೆ ಬರೆಯಿರಿ

"ಇವತ್ತು ಪಂಚಾಯತ್ ರಾಜ್ ಅಧ್ಯಾಯ ಮುಗಿಸಬೇಕು" ಎನ್ನುವುದು ಪುಟಗಳ ಲೆಕ್ಕ. "ಪಂಚಾಯತಿ ಅರ್ಧದಲ್ಲೇ ವಿಸರ್ಜನೆಯಾದರೆ ಚುನಾವಣೆ ಎಷ್ಟರೊಳಗೆ ನಡೆಯಬೇಕು?" ಎನ್ನುವುದು ಓದಿನ ಗುರಿ. ದಿನವಿಡೀ ದುಡಿದು, ಅಡುಗೆ ಮುಗಿಸಿ, ಮಕ್ಕಳನ್ನು ಮಲಗಿಸಿದ ಮೇಲೆ ಸಿಗುವುದು ಅರ್ಧ ಗಂಟೆ. ಕೈಯಲ್ಲಿ ಪ್ರಶ್ನೆಯಿದ್ದರೆ ಎಲ್ಲಿ ನಿಧಾನಿಸಬೇಕು, ಎಲ್ಲಿ ದಾಟಿಕೊಂಡು ಹೋಗಬಹುದು ಎಂಬುದು ಓದುವಾಗಲೇ ಗೊತ್ತಾಗುತ್ತದೆ. ಪ್ರಶ್ನೆ ಹೊಳೆಯದಿದ್ದರೆ ಹಿಂದಿನ ವರ್ಷದ ಪ್ರಶ್ನೆಪತ್ರಿಕೆಯಿಂದ ಒಂದನ್ನು ಎತ್ತಿಕೊಳ್ಳಿ.

2. ಅಧ್ಯಾಯದ ಸುತ್ತ ಒಮ್ಮೆ ನಡೆದು ಬನ್ನಿ

ಜಾನ್ ಬ್ರಾನ್ಸ್‌ಫರ್ಡ್ ಮತ್ತು ಮಾರ್ಸಿಯಾ ಜಾನ್ಸನ್ 1972ರಲ್ಲಿ ಒಂದು ಚಿಕ್ಕ ಬರಹ ಸಿದ್ಧಪಡಿಸಿದರು. ವಸ್ತುಗಳನ್ನು ಗುಂಪು ಮಾಡಿಕೊಳ್ಳುವುದು, ಒಮ್ಮೆಗೆ ಹೆಚ್ಚು ತುಂಬದಿರುವುದು, ಕೆಲಸ ಮುಗಿದ ಮೇಲೆ ಮತ್ತೆ ಗುಂಪು ಮಾಡುವುದು, ಇಂಥವೇ ಮಾತುಗಳು. ಒಂದು ಪದವೂ ಕಷ್ಟವಿಲ್ಲ. ಆದರೂ ಕೇಳಿದವರಿಗೆ ತಲೆಬುಡ ತಿಳಿಯಲಿಲ್ಲ. ಬಟ್ಟೆ ಒಗೆಯುವ ವಿಷಯ ಎಂದು ಮೊದಲೇ ಹೇಳಿದವರಿಗೆ ಮಾತ್ರ ಅದು ಸಲೀಸಾಗಿ ತಿಳಿಯಿತು, ನೆನಪಿನಲ್ಲೂ ಹೆಚ್ಚು ಉಳಿಯಿತು. ಬರಹ ಮುಗಿದ ಮೇಲೆ ವಿಷಯ ಹೇಳಿದರೆ ಆ ಲಾಭ ಸಿಗಲಿಲ್ಲ.

ಹಾಗಾಗಿ ವಿಷಯ ಯಾವುದೆಂದು ಮೊದಲೇ ತಿಳಿದಿರಬೇಕು. ಮುಕ್ತ ವಿಶ್ವವಿದ್ಯಾಲಯಗಳ ಪಠ್ಯಗಳಲ್ಲಿ ಘಟಕದ ಆರಂಭದಲ್ಲಿ ಉದ್ದೇಶಗಳ ಪಟ್ಟಿ ಇರುತ್ತದೆ, ಕೊನೆಯಲ್ಲಿ ಸಾರಾಂಶವೂ ಪ್ರಶ್ನೆಗಳೂ ಇರುತ್ತವೆ. ಮನೆಯಲ್ಲಿ ಒಬ್ಬರೇ ಕೂತು ಓದುವವರಿಗೆಂದೇ ಬರೆದ ಭಾಗಗಳಿವು. ಹೆಚ್ಚಿನವರು ಇವನ್ನೇ ಬಿಟ್ಟು ನೇರ ಒಂದನೇ ಸಾಲಿಗೆ ಇಳಿಯುತ್ತಾರೆ. ಮೊದಲು ಸಾರಾಂಶ ಓದಿ, ಉಪಶೀರ್ಷಿಕೆಗಳನ್ನು ನೋಡಿ, ಕೊನೆಯ ಪ್ರಶ್ನೆಗಳ ಮೇಲೆ ಕಣ್ಣಾಡಿಸಿ. ಐದು ನಿಮಿಷ ಸಾಕು. ಓಹಿಯೋ ರಾಜ್ಯ ವಿಶ್ವವಿದ್ಯಾಲಯದ ಫ್ರಾನ್ಸಿಸ್ ರಾಬಿನ್ಸನ್ 1946ರಲ್ಲಿ ಎಸ್‌ಕ್ಯೂ3ಆರ್ ಎಂದು ಹೆಸರಾದ ಕ್ರಮವನ್ನು ಬರೆದಾಗ ಅದರ ಮೊದಲ ಹೆಜ್ಜೆ ಇದೇ ಆಗಿತ್ತು.

3. ಅನುಭವವನ್ನು ಬಳಸಿ, ಆಮೇಲೆ ಅದನ್ನೇ ಅನುಮಾನಿಸಿ

ದೊಡ್ಡವರ ಕೈಯಲ್ಲಿರುವ ದೊಡ್ಡ ಆಸ್ತಿ ಇದು. 1988ರಲ್ಲಿ ಡೊನ್ನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ ಅಮೆರಿಕದ ಶಾಲಾಮಕ್ಕಳಿಗೆ ಬೇಸ್‌ಬಾಲ್ ಆಟದ ವರ್ಣನೆಯೊಂದನ್ನು ಕೊಟ್ಟರು. ಓದಿನಲ್ಲಿ ಹಿಂದಿದ್ದರೂ ಆಟ ಬಲ್ಲ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ತಿಳಿಯದ ಮಕ್ಕಳಿಗಿಂತ ಚೆನ್ನಾಗಿ ಗ್ರಹಿಸಿದರು. ರಾಮನಗರದ ಕಡೆ ರೇಷ್ಮೆ ಸಾಕಿದವರಿಗೆ ಕೀಟಗಳು ಪೊರೆ ಕಳಚುವ ಪಾಠ ಹೊಸದಲ್ಲ. ಹುಳು ಜ್ವರಕ್ಕೆ ಕೂತು ಏಳುವುದನ್ನು ಒಂದೊಂದು ಬೆಳೆಯಲ್ಲೂ ನಾಲ್ಕು ಸಲ ಅವರು ನೋಡಿರುತ್ತಾರೆ. ಪುಸ್ತಕದ ಪಾರಿಭಾಷಿಕ ಪದವನ್ನು ಆ ಜ್ವರಕ್ಕೆ ಜೋಡಿಸಿಕೊಂಡರೆ ಮುಗಿಯಿತು. ಸ್ವಸಹಾಯ ಸಂಘದ ಲೆಕ್ಕ ಬರೆದವರಿಗೆ ಬಡ್ಡಿಯ ಅಧ್ಯಾಯದ ಅರ್ಧ ಮೊದಲೇ ಗೊತ್ತಿರುತ್ತದೆ.

ಆದರೆ ಇದೇ ಅನುಭವ ದಾರಿ ತಪ್ಪಿಸಲೂಬಲ್ಲದು. ಅದು ತಪ್ಪಿಸುವ ಜಾಗದಲ್ಲಿ ನಮಗೆ ಕಿಂಚಿತ್ತೂ ಸಂಶಯ ಬರುವುದಿಲ್ಲ. ಗ್ರಾಮ ಸಭೆ ಎಂದು ಓದಿದ ಕೂಡಲೇ ಶಾಮಿಯಾನ, ಮೈಕು, ಜಗಳ, ಫಲಾನುಭವಿಗಳ ಪಟ್ಟಿ ಕಣ್ಣಮುಂದೆ ಬರುತ್ತವೆ. ಸಂವಿಧಾನದ 243ನೇ ವಿಧಿಯ ವ್ಯಾಖ್ಯೆಯಲ್ಲಿ ಗ್ರಾಮ ಸಭೆ ಎಂದರೆ ಒಂದು ದಿನ ನಡೆದು ಮುಗಿಯುವ ಕಾರ್ಯಕ್ರಮವಲ್ಲ. ಆ ಗ್ರಾಮದ ಮತದಾರರ ಪಟ್ಟಿಯಲ್ಲಿ ಹೆಸರಿರುವ ಎಲ್ಲರೂ ಸೇರಿದ ಒಂದು ಸಂಸ್ಥೆ. ಸಭೆಗೆ ಬರದೆ ಹೊಲದಲ್ಲಿ ಕಳೆ ಕೀಳುತ್ತಿರುವ ಮತದಾರಳೂ ಅದರ ಸದಸ್ಯೆ. ಈ ವ್ಯತ್ಯಾಸ ತಿಳಿಯದೆ ಮುಂದೆ ಓದಿದರೆ ಗ್ರಾಮ ಸಭೆಯ ಅಧಿಕಾರದ ಬಗ್ಗೆ ಬರುವ ಒಂದೊಂದು ಸಾಲೂ ಸ್ವಲ್ಪ ಸ್ವಲ್ಪ ತಪ್ಪಾಗಿಯೇ ಕೂರುತ್ತದೆ. ವಾಣಿಜ್ಯಶಾಸ್ತ್ರದಲ್ಲಿಯೂ ಇಂಥದ್ದೇ ಒಂದು ತೊಡಕಿದೆ. ಖಾತೆಗೆ ಹಣ ಕಟ್ಟಿದರೆ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಅದು ಕ್ರೆಡಿಟ್ ಕಡೆಗೆ ಬರುತ್ತದೆ. ಅದೇ ಹಣ ನಿಮ್ಮ ಲೆಕ್ಕದ ಪುಸ್ತಕದ ಬ್ಯಾಂಕ್ ಖಾತೆಯಲ್ಲಿ ಡೆಬಿಟ್. ವರ್ಷಗಟ್ಟಲೆ ಪಾಸ್‌ಬುಕ್ಕು ನೋಡಿದವರೇ ಇಲ್ಲಿ ಎಡವುತ್ತಾರೆ.

ಉಪಾಯ ಸುಲಭ. ಹಾಳೆಯ ನಡುವೆ ಒಂದು ಗೆರೆ ಎಳೆಯಿರಿ. ಓದುವ ಮೊದಲು ಎಡಕ್ಕೆ "ನಾನು ತಿಳಿದಿದ್ದು" ಎಂದು ನಾಲ್ಕು ಸಾಲು ಬರೆಯಿರಿ. ಓದಿದ ಮೇಲೆ ಬಲಕ್ಕೆ "ಪುಸ್ತಕ ಹೇಳಿದ್ದು" ಬರೆಯಿರಿ. ಎರಡೂ ಹೊಂದದ ಜಾಗವೇ ಆ ದಿನದ ನಿಜವಾದ ಪಾಠ.

4. ಅರ್ಥವಾಗದ್ದು ಯಾವ ಬಗೆಯದು ಎಂದು ಗುರುತಿಸಿ

"ಏನೂ ಅರ್ಥವಾಗಲಿಲ್ಲ" ಎಂದು ಪುಸ್ತಕ ಮುಚ್ಚಬೇಡಿ. ಗೊತ್ತಿಲ್ಲದ್ದು ಪದವೇ, ವಾಕ್ಯವೇ, ಹಿಂದಿನ ಪ್ಯಾರಾದೊಂದಿಗೆ ಇದರ ಸಂಬಂಧವೇ, ಅಥವಾ ಬರೆದವರು ನಮಗೆ ಗೊತ್ತಿದೆ ಎಂದುಕೊಂಡು ಬಿಟ್ಟುಬಿಟ್ಟ ಹಿನ್ನೆಲೆಯೇ? ಅಂಚಿನಲ್ಲಿ ಪೆನ್ಸಿಲ್ಲಿನಿಂದ ಪ, ವಾ, ಸಂ, ಹಿ ಎಂದು ಒಂದು ಅಕ್ಷರ ಹಾಕಿ ಮುಂದೆ ಹೋಗಿ. ಪದಕ್ಕೆ ನಿಘಂಟು ಸಾಕು. ವಾಕ್ಯಕ್ಕೆ ಮುಂದಿನ ಸೂತ್ರ ನೋಡಿ. ಸಂಬಂಧ ತಪ್ಪಿದ್ದರೆ ಎರಡು ಪ್ಯಾರಾ ಹಿಂದಕ್ಕೆ ಹೋಗಬೇಕು. ಹಿನ್ನೆಲೆ ಇಲ್ಲದಿದ್ದರೆ ಅದೇ ಪುಟವನ್ನು ಹತ್ತು ಸಲ ಓದಿದರೂ ಬಾರದು. ಅದಕ್ಕೆ ಎಂಟನೆಯ ಅಥವಾ ಹತ್ತನೆಯ ತರಗತಿಯ ಪಠ್ಯಪುಸ್ತಕ ತೆಗೆಯಿರಿ. ಮಗಳ ಸಮಾಜ ವಿಜ್ಞಾನದ ಪುಸ್ತಕ ಓದಲು ನಾಚಿಕೆಯೇಕೆ? ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವವರು ಶುರು ಮಾಡುವುದೂ ಅಲ್ಲಿಂದಲೇ.

5. ಉದ್ದ ವಾಕ್ಯವನ್ನು ಕೊನೆಯಿಂದ ಹಿಡಿಯಿರಿ

ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. ಮಾತಿನಲ್ಲಿ ಇದರಿಂದ ತೊಂದರೆಯಿಲ್ಲ. ಕಾಯ್ದೆ, ನಿಯಮಾವಳಿ, ಸುತ್ತೋಲೆಗಳ ಕನ್ನಡದಲ್ಲಿ "ಆದ", "ಮಾಡಿದ", "ಹೊಂದಿರುವ" ಎಂದು ಒಂದರ ಬೆನ್ನಿಗೊಂದು ವಿಶೇಷಣಗಳು ಸಾಲುಗಟ್ಟಿ, ಯಾರು ಏನು ಮಾಡಬೇಕು ಎಂಬುದು ಐದನೇ ಸಾಲಿನ ತುದಿಯಲ್ಲಿ ಸಿಗುತ್ತದೆ. ಅಲ್ಲಿಗೆ ತಲುಪುವಷ್ಟರಲ್ಲಿ ಮೊದಲ ಸಾಲು ಮರೆತಿರುತ್ತದೆ. ಇದು ನಿಮ್ಮ ದಡ್ಡತನವಲ್ಲ. ಅಷ್ಟು ಹೊತ್ತು ಅಷ್ಟನ್ನೂ ಹಿಡಿದಿಟ್ಟುಕೊಳ್ಳುವುದು ಯಾರ ಮನಸ್ಸಿಗೂ ಕಷ್ಟವೇ.

ಅದಕ್ಕೇ ತುದಿಯಿಂದ ಶುರು ಮಾಡಿ. ಪಂಚಾಯತಿಯ ಅವಧಿಯನ್ನು ಹೇಳುವ ಸಂವಿಧಾನದ 243-ಇ ವಿಧಿಯನ್ನೇ ನೋಡಿ. ಅವಧಿ ಐದು ವರ್ಷ ಎಂದ ಮೇಲೆ ಚುನಾವಣೆಯ ಮಾತು ಬರುತ್ತದೆ. ಮೊದಲು ಕ್ರಿಯಾಪದ ಹುಡುಕಿ: ಪೂರ್ಣಗೊಳಿಸಬೇಕು. ಏನನ್ನು? ಚುನಾವಣೆಯನ್ನು. ಯಾವಾಗ? ಅವಧಿ ಮುಗಿಯುವ ಮೊದಲು. ನಡುವೆಯೇ ವಿಸರ್ಜನೆಯಾದರೆ? ವಿಸರ್ಜನೆಯಾದ ದಿನದಿಂದ ಆರು ತಿಂಗಳೊಳಗೆ. ಆಮೇಲೆ "ಪರಂತು" ಎಂಬ ಪದ ಬರುತ್ತದೆ. ಅದನ್ನು ಕಂಡ ಕೂಡಲೇ ಕೆಂಪು ಸುತ್ತು ಹಾಕಿ, ಏಕೆಂದರೆ ಹಿಂದೆ ಹೇಳಿದ್ದಕ್ಕೆ ವಿನಾಯಿತಿ ಅಲ್ಲಿಂದ ಶುರುವಾಗುತ್ತದೆ. ಇಲ್ಲಿನ ವಿನಾಯಿತಿ ಹೀಗೆ: ಉಳಿದಿದ್ದ ಅವಧಿಯೇ ಆರು ತಿಂಗಳಿಗಿಂತ ಕಡಿಮೆಯಾದರೆ ಆ ಉಳಿಕೆ ಕಾಲಕ್ಕಾಗಿ ಚುನಾವಣೆ ನಡೆಸಬೇಕಿಲ್ಲ.

ಅರ್ಥವಾಯಿತೇ ಎಂದು ನೋಡಲು ಒಂದು ಸಂದರ್ಭ ಕಟ್ಟಿ. ನಾಲ್ಕು ವರ್ಷ ಎಂಟು ತಿಂಗಳಿಗೆ ವಿಸರ್ಜನೆಯಾದ ಪಂಚಾಯತಿಯ ಉಳಿಕೆ ನಾಲ್ಕು ತಿಂಗಳು. ಅಷ್ಟಕ್ಕಾಗಿ ಚುನಾವಣೆ ಬೇಕಿಲ್ಲ. ಮೂರು ವರ್ಷಕ್ಕೆ ವಿಸರ್ಜನೆಯಾದರೆ ಬೇಕು. ಹಾಗೆ ಆರಿಸಿ ಬಂದವರಿಗೆ ಸಿಗುವುದು ಹೊಸ ಐದು ವರ್ಷವೇ? ಅಲ್ಲ, ಹಳೆಯ ಪಂಚಾಯತಿಗೆ ಉಳಿದಿದ್ದ ಅವಧಿ ಮಾತ್ರ. ಈ ಕೊನೆಯ ಪ್ರಶ್ನೆಗೆ ನಿಮ್ಮ ಉತ್ತರ ತಪ್ಪಿದ್ದರೆ ಆ ವಿಧಿಯ ನಾಲ್ಕನೆಯ ಖಂಡವನ್ನು ಮತ್ತೆ ಓದಬೇಕು. ನಿಯಮವನ್ನು ಬಾಯಿಪಾಠ ಮಾಡುವುದಕ್ಕಿಂತ ಇಂಥ ಎರಡು ಸಂದರ್ಭ ಕಟ್ಟುವುದು ಮೇಲು. ಬಾಯಿಪಾಠ ಮಾಡುವವರಿಗೆ ತಾವು ತಪ್ಪು ತಿಳಿದಿದ್ದೇವೆ ಎಂಬುದು ಪರೀಕ್ಷೆಯ ದಿನದವರೆಗೂ ಗೊತ್ತಾಗುವುದಿಲ್ಲ.

6. ಪುಸ್ತಕ ಮುಚ್ಚಿ

ಹನ್ನೆರಡರಲ್ಲಿ ಒಂದನ್ನೇ ಪಾಲಿಸುವುದಾದರೆ ಇದನ್ನು ಪಾಲಿಸಿ.

ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳು ಕೆಲವು ಬರಹಗಳನ್ನು ಎರಡು ಸಲ ಓದಿದರು, ಇನ್ನು ಕೆಲವನ್ನು ಒಂದು ಸಲ ಓದಿ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದ್ದೇ ಮುಂದಿತ್ತು. ಶೇ 81 ಮತ್ತು ಶೇ 75. ಒಂದು ವಾರ ಬಿಟ್ಟು ಕೇಳಿದಾಗ ಲೆಕ್ಕ ತಿರುವುಮುರುವಾಯಿತು. ಎರಡು ಸಲ ಓದಿದ್ದರಲ್ಲಿ ಉಳಿದಿದ್ದು ಶೇ 42, ಓದಿ ಬರೆದಿದ್ದರಲ್ಲಿ ಶೇ 56. ಅವರದೇ ಎರಡನೆಯ ಪ್ರಯೋಗದಲ್ಲಿ, ಮತ್ತೆ ಮತ್ತೆ ಓದಿದವರಿಗೇ ತಮ್ಮ ನೆನಪಿನ ಮೇಲೆ ಹೆಚ್ಚು ನಂಬಿಕೆಯಿತ್ತು. ವಾರದ ಮೇಲೆ ಹೆಚ್ಚು ಮರೆತಿದ್ದವರೂ ಅವರೇ.

ಅನ್ನ ಬೆಂದಿದೆಯೇ ಎಂದು ತಿಳಿಯಲು ಅಗುಳು ಹಿಸುಕಿ ನೋಡುವ ಹಾಗೆ ಓದನ್ನೂ ಹಿಸುಕಿ ನೋಡಬೇಕು. ಎರಡು ಪುಟ ಆದ ಮೇಲೆ ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ನಿಮ್ಮದೇ ಮಾತಿನಲ್ಲಿ ಐದು ಸಾಲು ಬರೆಯಿರಿ. ಆಡುಮಾತಿನಲ್ಲಿ ಬರೆದರೂ ಸರಿ. ಮತ್ತೆ ಪುಸ್ತಕ ತೆರೆದು, ಬಿಟ್ಟುಹೋಗಿದ್ದನ್ನೂ ತಪ್ಪಿದ್ದನ್ನೂ ಬೇರೆ ಬಣ್ಣದಲ್ಲಿ ಸೇರಿಸಿ. ಮೊದಲ ವಾರ ಹಾಳೆ ತುಂಬ ಬೇರೆ ಬಣ್ಣವೇ ಕಾಣುತ್ತದೆ. ಧೈರ್ಯಗೆಡಬೇಡಿ. ಸುಮ್ಮನೆ ಓದಿಕೊಂಡು ಹೋಗಿದ್ದರೆ ಆ ಬಣ್ಣದಲ್ಲಿರುವುದೆಲ್ಲ ನಿಮಗೆ ಕಾಣದೆಯೇ ತಪ್ಪಿಹೋಗುತ್ತಿತ್ತು.

7. ಅಳೆಯುವುದಕ್ಕೆ ರಾತ್ರಿ ಕಳೆಯಲಿ

ಓದು ಮುಗಿಸಿದ ಮರುಕ್ಷಣ ಪುಸ್ತಕದ ಪದಗಳು ಇನ್ನೂ ಕಿವಿಯಲ್ಲಿರುತ್ತವೆ. ಆಗ ಬರೆದ ಸಾರಾಂಶ ಚೆನ್ನಾಗಿಯೇ ಬರುತ್ತದೆ, ಅದನ್ನು ನಂಬಿ ಮುಂದಿನ ಅಧ್ಯಾಯಕ್ಕೆ ಹೋಗುತ್ತೇವೆ. ಸ್ವಲ್ಪ ಹೊತ್ತು ಬಿಟ್ಟು ಸಾರಾಂಶ ಬರೆದವರು ತಮಗೆ ಯಾವುದು ತಿಳಿದಿದೆ, ಯಾವುದು ತಿಳಿದಿಲ್ಲ ಎಂಬುದನ್ನು ಹೆಚ್ಚು ಸರಿಯಾಗಿ ಅಂದಾಜು ಮಾಡುತ್ತಾರೆ ಎಂದು ಕೀತ್ ತೀಡ್ ಮತ್ತು ಮೇರಿ ಆಂಡರ್ಸನ್ 2003ರಲ್ಲಿ ತೋರಿಸಿದರು. ರಾತ್ರಿ ಓದಿದ್ದನ್ನು ಬೆಳಿಗ್ಗೆ ಬಸ್ಸಿನಲ್ಲಿ ನೆನೆಯಿರಿ. ಮೂರು ಮುಖ್ಯ ಮಾತು, ಅವುಗಳ ನಡುವಿನ ಸಂಬಂಧ, ಒಂದು ಉದಾಹರಣೆ. ಉದಾಹರಣೆ ಬರಲಿಲ್ಲವೆಂದರೆ ಮಾತು ಬಂದಿದೆ, ಅರ್ಥ ಬಂದಿಲ್ಲ. ವಾರಕ್ಕೊಮ್ಮೆ ಭಾನುವಾರ ಆ ವಾರದ ಹಾಳೆಗಳನ್ನು ಮುಚ್ಚಿಟ್ಟು ಮತ್ತೊಮ್ಮೆ ನೆನೆಯಿರಿ.

8. ಬಣ್ಣದ ಪೆನ್ನಿಗೆ ರಜೆ ಕೊಡಿ

ಪುಟವೆಲ್ಲ ಹಳದಿಯಾದರೆ ಏನೋ ಸಾಧಿಸಿದ ತೃಪ್ತಿ. ಜಾನ್ ಡನ್‌ಲಾಸ್ಕಿ ಮತ್ತು ನಾಲ್ವರು ಸಹಲೇಖಕರು 2013ರಲ್ಲಿ ಕಲಿಕೆಯ ಹತ್ತು ವಿಧಾನಗಳನ್ನು ಪರಿಶೀಲಿಸಿ, ಗೆರೆ ಎಳೆಯುವುದನ್ನೂ ಮತ್ತೆ ಮತ್ತೆ ಓದುವುದನ್ನೂ ಕಡಿಮೆ ಉಪಯೋಗದವು ಎಂದರು. ತನ್ನನ್ನು ತಾನು ಪರೀಕ್ಷಿಸಿಕೊಳ್ಳುವುದಕ್ಕೂ ದಿನ ಬಿಟ್ಟು ಓದುವುದಕ್ಕೂ ಮೇಲಿನ ಸ್ಥಾನ ಸಿಕ್ಕಿತು. ಗೆರೆ ಎಳೆಯಲೇಬೇಕೆಂದಿದ್ದರೆ ಪೂರ್ತಿ ಪ್ಯಾರಾ ಓದಿದ ಮೇಲೆ ಒಂದೇ ಗೆರೆ ಎಳೆಯಿರಿ.

9. ಇಂಗ್ಲಿಷ್ ಪುಸ್ತಕಕ್ಕೆ ಕನ್ನಡದ ಅಂಚು

ನರ್ಸಿಂಗ್, ಕಾನೂನು, ಕಂಪ್ಯೂಟರ್ ಓದುವವರು ಇಂಗ್ಲಿಷ್ ತಪ್ಪಿಸಿಕೊಳ್ಳಲಾರರು. ಬಹಳ ಜನ ಇಂಗ್ಲಿಷ್ ವಾಕ್ಯವನ್ನು ಇಂಗ್ಲಿಷಿನಲ್ಲೇ ನಕಲು ಮಾಡಿಕೊಂಡು ನೋಟ್ಸ್ ಎನ್ನುತ್ತಾರೆ. ಅದರಲ್ಲಿ ಕೈ ದುಡಿಯಿತೇ ಹೊರತು ತಲೆ ದುಡಿಯಲಿಲ್ಲ. ಪ್ರತಿ ಪ್ಯಾರಾದ ಪಕ್ಕ ಕನ್ನಡದಲ್ಲಿ ಒಂದು ಸಾಲು ಬರೆಯಿರಿ. ಬರೆಯಲು ಆಗದೆ ನಿಂತ ಪ್ಯಾರಾ ಅರ್ಥವಾಗದ ಪ್ಯಾರಾ, ಅಷ್ಟು ನೇರ. ಪಾರಿಭಾಷಿಕ ಪದಗಳು ಇಂಗ್ಲಿಷಿನಲ್ಲೇ ಇರಲಿ, ಪರೀಕ್ಷೆಗೆ ಅವು ಬೇಕು. ಅವುಗಳ ನಡುವಿನ ಕಾರಣ ಮತ್ತು ಪರಿಣಾಮಗಳನ್ನು ಮಾತ್ರ ಮನೆಮಾತಿನಲ್ಲಿ ಹೇಳಿ. ತುಳು, ಕೊಂಕಣಿ, ಉರ್ದು, ಲಂಬಾಣಿ ಮಾತಾಡುವ ಮನೆಯವರಿಗೆ ಆ ಮಾತುಗಳೂ ಇದೇ ಕೆಲಸಕ್ಕೆ ಬರುತ್ತವೆ.

10. ಕಣ್ಣು ಮತ್ತು ಕಾಗದ

ನಲವತ್ತರ ಆಸುಪಾಸಿನಲ್ಲಿ ಚಾಳೀಸು ಬರುತ್ತದೆ. ಸಣ್ಣ ಅಕ್ಷರಕ್ಕೆ ಕಣ್ಣು ಕಿರಿದು ಮಾಡಿ ಓದುವವರು ಅರ್ಧ ಗಂಟೆಗೆ ದಣಿದು "ನನಗೆ ಏಕಾಗ್ರತೆ ಇಲ್ಲ" ಎಂದುಕೊಳ್ಳುತ್ತಾರೆ. ಮೊದಲು ಕಣ್ಣು ತೋರಿಸಿ. ವಾಟ್ಸ್ಆ್ಯಪ್‌ನಲ್ಲಿ ಬಂದ ಪಿಡಿಎಫ್‌ಗಳಲ್ಲಿ ಮುಖ್ಯವಾದುದನ್ನು ಮುದ್ರಿಸಿಕೊಳ್ಳಿ. ಪಾಬ್ಲೊ ಡೆಲ್ಗಾಡೊ ಮತ್ತು ಸಂಗಡಿಗರು 2018ರಲ್ಲಿ 54 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಮಾಹಿತಿಯ ಬರಹಗಳನ್ನು, ಅದರಲ್ಲೂ ಸಮಯದ ಒತ್ತಡದಲ್ಲಿ ಓದುವಾಗ, ಪರದೆಗಿಂತ ಕಾಗದದಲ್ಲಿ ಗ್ರಹಿಕೆ ಚೆನ್ನಾಗಿತ್ತು. ಕಥೆಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಕಾದಂಬರಿ ಫೋನಿನಲ್ಲಿರಲಿ, ನಿಯಮಾವಳಿ ಕಾಗದದಲ್ಲಿರಲಿ.

11. ನಾಲ್ಕು ಜನ ಕೂಡಿ, ಕೆಲಸ ಹಂಚಿಕೊಳ್ಳಿ

ಒಬ್ಬರು ಗಟ್ಟಿಯಾಗಿ ಓದುವುದು, ಉಳಿದವರು ತಲೆಯಾಡಿಸುವುದು ಗುಂಪಿನ ಓದಲ್ಲ. ಆನ್‌ಮೇರಿ ಪಾಲಿಂಕ್ಸರ್ ಮತ್ತು ಆನ್ ಬ್ರೌನ್ 1984ರಲ್ಲಿ ವಿವರಿಸಿದ ಕ್ರಮ ಬೇರೆ. ಪದ ಓದಲು ಬಂದರೂ ಅರ್ಥದಲ್ಲಿ ಹಿಂದಿದ್ದ ಏಳನೇ ತರಗತಿಯ ಮಕ್ಕಳೊಂದಿಗೆ ಅವರು ನಾಲ್ಕು ಕೆಲಸಗಳನ್ನು ಸರದಿಯ ಮೇಲೆ ಮಾಡಿಸಿದರು: ಸಾರ ಹೇಳುವುದು, ಪ್ರಶ್ನೆ ಕೇಳುವುದು, ತೊಡಕು ಬಿಡಿಸುವುದು, ಮುಂದೇನು ಬರಬಹುದೆಂದು ಊಹಿಸುವುದು. ಆ ಮಕ್ಕಳ ಗ್ರಹಿಕೆ ಗಮನಾರ್ಹವಾಗಿ ಏರಿತು. ದೊಡ್ಡವರ ಗುಂಪಿಗೂ ಇದು ಚೆನ್ನಾಗಿ ಹೊಂದುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ, ಏಕೆಂದರೆ ದೊಡ್ಡವರಿಗೆ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವುದೇ ಕಷ್ಟ. ಪ್ರಶ್ನೆ ಕೇಳುವುದು ನಿಮ್ಮ ಸರದಿಯ ಕೆಲಸವಾದಾಗ ಸಂಕೋಚ ತಾನೇ ಹೋಗುತ್ತದೆ. "ನಂಗಿದು ತಿಳೀಲಿಲ್ಲ" ಎಂಬ ಮಾತು ಅಲ್ಲಿ ಕರ್ತವ್ಯವಾಗುತ್ತದೆ.

ಸ್ತ್ರೀಶಕ್ತಿ ಸಂಘದ ವಾರದ ಸಭೆಯಲ್ಲಿ ಬ್ಯಾಂಕಿನಿಂದ ಬಂದ ಸಾಲದ ಪತ್ರವನ್ನೇ ಹೀಗೆ ಓದಬಹುದು. ಶಾಂತಮ್ಮ ಓದಿದ ಪ್ಯಾರಾದ ಸಾರವನ್ನು ಜಯಕ್ಕ ಹೇಳಲಿ, ಕಂತು ತಪ್ಪಿದರೆ ಏನಾಗುತ್ತದೆ ಎಂದು ಇನ್ನೊಬ್ಬರು ಕೇಳಲಿ, ಬಡ್ಡಿದರದ ಸಾಲು ಯಾರಿಗೂ ತಿಳಿಯದಿದ್ದರೆ ಅದನ್ನು ಬರೆದಿಟ್ಟುಕೊಂಡು ಮ್ಯಾನೇಜರನ್ನು ಕೇಳಲು ನಾಲ್ಕನೆಯವರು ಹೋಗಲಿ. ಸಹಿ ಆಮೇಲೆ. ಅಕ್ಷರ ಈಗಷ್ಟೇ ಕಲಿತವರಿದ್ದರೆ ಅದೇ ಪ್ಯಾರಾವನ್ನು ಎರಡು ಸಲ ಓದಿಸಿ. ಮೊದಲ ಸಲ ಅವರ ಗಮನವೆಲ್ಲ ಒತ್ತಕ್ಷರ ಬಿಡಿಸುವುದಕ್ಕೇ ಖರ್ಚಾಗುತ್ತದೆ, ಎರಡನೆಯ ಸಲಕ್ಕೆ ಅರ್ಥ ಬರುತ್ತದೆ. ಅವರು ತಡವರಿಸುವಾಗ ನಡುವೆ ಬಾಯಿ ಹಾಕಿ ಪದ ಪೂರ್ತಿ ಮಾಡಬೇಡಿ.

12. ಉತ್ತರದ ಪಕ್ಕ ನಂಬಿಕೆಯನ್ನೂ ಬರೆಯಿರಿ

ಅಣಕು ಪರೀಕ್ಷೆ ಬರೆಯುವಾಗ ಪ್ರತಿ ಉತ್ತರದ ಪಕ್ಕ ಖ, ಅ, ಊ ಎಂದು ಒಂದು ಗುರುತು ಹಾಕಿ. ಖಂಡಿತ, ಅರೆಬರೆ, ಊಹೆ. ಕೀ ಉತ್ತರ ನೋಡುವ ಮೊದಲೇ ಹಾಕಬೇಕು, ಆಮೇಲೆ ಹಾಕಿದರೆ ಮನಸ್ಸು ತನಗೆ ಬೇಕಾದಂತೆ ತಿದ್ದಿಕೊಳ್ಳುತ್ತದೆ. ಯುಪಿಎಸ್‌ಸಿ ಪ್ರಿಲಿಮ್ಸ್‌ನಲ್ಲಿ ಒಂದು ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ ಕಳೆಯುತ್ತಾರೆ. ಅಂಥ ಪರೀಕ್ಷೆಗಳಲ್ಲಿ ನಿಮಗೆ ಎಷ್ಟು ಗೊತ್ತು ಎಂಬುದರಷ್ಟೇ, ಎಷ್ಟು ಗೊತ್ತಿದೆ ಎಂದು ನೀವು ಅಂದುಕೊಂಡಿದ್ದೀರಿ ಎಂಬುದಕ್ಕೂ ಬೆಲೆಯಿದೆ.

ಮೂರು ನಾಲ್ಕು ಪರೀಕ್ಷೆಗಳ ಗುರುತುಗಳನ್ನು ಒಟ್ಟಿಗೆ ಇಟ್ಟು ನೋಡಿ. "ಊಹೆ" ಎಂದು ಗುರುತಿಸಿ ತಪ್ಪಿದ್ದರ ಬಗ್ಗೆ ಚಿಂತೆ ಬೇಡ, ಅದು ಇನ್ನೂ ಓದದ ಭಾಗ. "ಊಹೆ" ಎಂದು ಬರೆದದ್ದರಲ್ಲಿ ಬಹಳ ಸರಿಯಾಗಿದ್ದರೆ ನಿಮಗೆ ನಿಮ್ಮ ಮೇಲೆ ನಂಬಿಕೆ ಸಾಲದು. ಓದು ಬಿಟ್ಟು ಮರಳಿ ಬಂದ ಹೆಣ್ಣುಮಕ್ಕಳಿಗೆ ಇದನ್ನು ವಿಶೇಷವಾಗಿ ಹೇಳಬೇಕು. ಗೊತ್ತಿದ್ದ ಉತ್ತರವನ್ನೂ ಅಳಿಸಿಬಿಡುವವರು ಅವರಲ್ಲಿ ಬಹಳ. "ಖಂಡಿತ" ಎಂದು ಗುರುತಿಸಿ ತಪ್ಪಾದ ಪ್ರಶ್ನೆಗಳು ಮಾತ್ರ ಬೇರೆ ಹಾಳೆಗೆ ಹೋಗಲಿ. ಒಂದೊಂದರ ಎದುರಿಗೂ ಏಕೆ ಖಂಡಿತ ಎನಿಸಿತು ಎಂದು ಒಂದು ಸಾಲು ಬರೆಯಿರಿ: ಪ್ರಶ್ನೆಯಲ್ಲಿದ್ದ "ಅಲ್ಲ" ಎಂಬ ಪದ ಕಣ್ತಪ್ಪಿತೇ, ಪರಂತುಕವನ್ನು ಬಿಟ್ಟು ಓದಿದ್ದೆವೇ, ಕಂಡ ಅನುಭವವನ್ನೇ ಪುಸ್ತಕದ ಮಾತೆಂದು ತಿಳಿದಿದ್ದೆವೇ? ಒಂದೇ ಕಾರಣ ಮತ್ತೆ ಮತ್ತೆ ಕಾಣಿಸತೊಡಗುತ್ತದೆ. ಮುಂದಿನ ವಾರದ ಓದು ಆ ಹಾಳೆಯಿಂದಲೇ ಶುರುವಾಗಲಿ.